ರೀಮ್ಸ್ ಕೆಥೀಡ್ರಲ್: ಗೈಡ್ ಜೊತೆ ನೋಡಬೇಕಾ? ಸುಟ್ಟು ಮತ್ತೆ ಕಟ್ಟಿದ್ದರಲ್ಲಿ ಹಳೆಯದು ಎಷ್ಟು ಉಳಿದಿದೆ?

ಮಲ್ಲಿಗೆಬಳ್ಳಿ:

ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಅದರಲ್ಲಿ ಒಂದು ದಿನವನ್ನು ರೀಮ್ಸ್‌ಗೆ ಅಂತಲೇ ಎತ್ತಿಟ್ಟಿದ್ದೇನೆ. ಜೋನ್ ಆಫ್ ಆರ್ಕ್ ಮುಂದೆ ನಿಂತು 1429ರಲ್ಲಿ ಫ್ರಾನ್ಸ್‌ನ ರಾಜ ಏಳನೇ ಚಾರ್ಲ್ಸ್‌ಗೆ ಪಟ್ಟ ಕಟ್ಟಿಸಿದ ಕೆಥೀಡ್ರಲ್ ಅದು. ಚಿಕ್ಕವಳಿದ್ದಾಗ ಆ ಕಥೆ ಓದಿದ ದಿನದಿಂದ ಒಮ್ಮೆ ಅಲ್ಲಿ ನಿಲ್ಲಬೇಕು ಅಂತ ಆಸೆ.

ಎರಡು ವಿಷಯ ಕೇಳಬೇಕಿತ್ತು. ಒಳಗೆ ಹೋಗಲು ಟಿಕೆಟ್ ಇಲ್ಲ, ನಾವೇ ಸುತ್ತಾಡಿ ಬರಬಹುದು ಅಂತ ಗೊತ್ತು. ಹಾಗಿದ್ದಮೇಲೆ ದುಡ್ಡು ಕೊಟ್ಟು ಗೈಡ್ ಜೊತೆ ಹೋಗುವುದರಿಂದ ಏನಾದರೂ ಹೆಚ್ಚು ಸಿಗುತ್ತದಾ? ಗೋಪುರದ ಟೂರ್‌ಗೆ 250 ಮೆಟ್ಟಿಲಂತೆ. ಅಮ್ಮನಿಗೆ 67 ವರ್ಷ, ಮಂಡಿನೋವು ಬೇರೆ. ಅವರಿಂದ ಆಗುವುದಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕೊರೆಯುತ್ತಿರುವ ಪ್ರಶ್ನೆ. ಪ್ಲಾನ್ ಕೇಳಿದ ಗೆಳತಿ, "ಅದು ಮೊದಲನೇ ಮಹಾಯುದ್ಧದಲ್ಲಿ ಸುಟ್ಟು ಹೋಗಿದೆ, ಮಾಡಿಗೆ ಕಾಂಕ್ರೀಟ್ ಹಾಕಿದ್ದಾರೆ, ಗಾಜೆಲ್ಲ ಹೊಸದು. ಹಳೆಯದು ನೋಡಬೇಕಾದರೆ ಶಾರ್ತ್ರ್ ಊರಿನ ಕೆಥೀಡ್ರಲ್‌ಗೆ ಹೋಗು" ಅಂದಳು. ನಿಜವಾ? ಅಷ್ಟು ದೂರ ಹೋಗಿ ನಾನು ನೋಡುವುದು ಹದಿಮೂರನೇ ಶತಮಾನವನ್ನಾ, ಇಪ್ಪತ್ತನೆಯದನ್ನಾ? ಹೋಗಿ ಬಂದವರು ದಯವಿಟ್ಟು ಹೇಳಿ.

ರೈಲುಹಳಿ:

ದಾರಿ ಮಾತ್ರ ನಾನು ಹೇಳುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಲಿ. ಪ್ಯಾರಿಸ್‌ನ ಗಾರ್ ದ ಲೆಸ್ತ್ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು 45 ನಿಮಿಷ. ಟಿಕೆಟ್ ತೆಗೆಯುವಾಗ ಇಳಿಯುವ ಜಾಗ ಊರೊಳಗಿನ ರೀಮ್ಸ್ ನಿಲ್ದಾಣವೇ ಅಂತ ಎರಡು ಸಲ ನೋಡಿಕೊಳ್ಳಿ. ಶಾಂಪೇನ್-ಆರ್ದೆನ್ ಟಿಜಿವಿ ಅಂತ ಇನ್ನೊಂದಿದೆ, ಅದು ಊರ ಹೊರಗೆ. ಅಲ್ಲಿ ಇಳಿದರೆ ಮತ್ತೆ ಟ್ರಾಮ್ ಹಿಡಿಯಬೇಕು. ಊರೊಳಗಿನ ನಿಲ್ದಾಣದಿಂದ ಕೆಥೀಡ್ರಲ್‌ಗೆ ಹದಿನೈದು ನಿಮಿಷದ ನಡಿಗೆ, ದಾರಿ ಸಮತಟ್ಟು, ಅಮ್ಮನಿಗೆ ತೊಂದರೆ ಆಗದು. ಇನ್ನೊಂದು ಮಾತು: ನಾವು ರೀಮ್ಸ್ ಅಂತ ಬರೆದರೂ ಅಲ್ಲಿಯವರ ಬಾಯಲ್ಲಿ ಅದು 'ರ್‍ಯಾನ್ಸ್'. ದಾರಿ ಕೇಳುವಾಗ ನೆನಪಿರಲಿ.

ಸುಣ್ಣಗಾರೆ:

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಹೊಟ್ಟೆಪಾಡು. ಬಿರುಕು ಬಿಟ್ಟ ತೊಲೆ, ಉದುರುತ್ತಿರುವ ಗಾರೆ, ತುಕ್ಕು ಹಿಡಿದು ಉಬ್ಬಿದ ಕಂಬಿ, ಇವೇ ನಾನು ದಿನಾ ನೋಡುವುದು. ಹಾಗಾಗಿ ನಿಮ್ಮ ಗೆಳತಿಯ ಮಾತಿಗೆ ಉತ್ತರ ಕೊಡದೆ ಸುಮ್ಮನಿರಲಾಗಲಿಲ್ಲ. ಸ್ವಲ್ಪ ಉದ್ದವಾಗುತ್ತದೆ.

ಈ ಕೆಥೀಡ್ರಲ್ ಅನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಒಬ್ಬನೇ ಹೋಗಿದ್ದೆ. ಒಳಗೆ ಕಾಲಿಟ್ಟಾಗ ಎದೆ ಝಲ್ಲೆಂದಿತು. ತಲೆಯ ಮೇಲೆ 38 ಮೀಟರ್ ಎತ್ತರದಲ್ಲಿ ಕಲ್ಲಿನ ಚಾವಣಿ, ಎರಡೂ ಬದಿಗೆ ಮೇಲೇರುತ್ತಲೇ ಹೋಗುವ ಕಂಬಗಳು. ಅರ್ಧ ಗಂಟೆ ಕತ್ತೆತ್ತಿ ನೋಡಿ, ಫೋಟೋ ತೆಗೆದು ಹೊರಬಂದೆ. ಸಂಜೆ ರೈಲಿನಲ್ಲಿ ಕೂತು ಆ ಫೋಟೋಗಳನ್ನು ನೋಡುತ್ತಿದ್ದರೆ ಯಾವುದು ಏನು ಅಂತ ಒಂದೂ ಹೇಳಲು ಬರಲಿಲ್ಲ. 2300ಕ್ಕೂ ಹೆಚ್ಚು ಮೂರ್ತಿಗಳಿರುವ ಕಟ್ಟಡ ಅದು. ಯಾವುದರ ಮುಂದೆ ನಿಲ್ಲಬೇಕು ಅಂತ ಯಾರಾದರೂ ಕೈ ಹಿಡಿದು ತೋರಿಸದಿದ್ದರೆ ಎಲ್ಲವೂ ಕಣ್ಣಿನ ಮೇಲೆ ಹಾದುಹೋಗುತ್ತವೆ ಅಷ್ಟೆ.

ಎರಡು ವರ್ಷದ ಮೇಲೆ ಗೈಡ್ ಜೊತೆ ಹೋದೆ. ಆಕೆ ನಮ್ಮನ್ನು ನೇರ ಒಳಗೆ ಕರೆದೊಯ್ಯಲಿಲ್ಲ. ಪಶ್ಚಿಮದ ಮುಂಭಾಗದಲ್ಲಿ, ಎಡಗಡೆಯ ಗೋಪುರದ ಬುಡಕ್ಕೆ ಕರೆದುಕೊಂಡು ಹೋಗಿ, "ಮೊದಲು ಕಲ್ಲಿನ ಮೈ ನೋಡಿ" ಅಂದರು. ಮೂರ್ತಿಗಳ ಮುಖ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿದೆ, ಬಟ್ಟೆಯ ನೆರಿಗೆಗಳು ಕರಗಿದ ಮೇಣದ ಹಾಗೆ ಮಸುಕಾಗಿವೆ. 1914ರ ಸೆಪ್ಟೆಂಬರ್ 19ರಂದು ಜರ್ಮನ್ ಶೆಲ್‌ಗಳು ಬಿದ್ದಾಗ ಈ ಗೋಪುರಕ್ಕೆ ದುರಸ್ತಿಗೆಂದು ಮರದ ಅಟ್ಟಣಿಗೆ ಕಟ್ಟಿದ್ದರು. ಬೆಂಕಿ ಮೊದಲು ಹತ್ತಿದ್ದು ಅದಕ್ಕೆ. ದುರಸ್ತಿಗೆ ಕಟ್ಟಿದ ಅಟ್ಟಣಿಗೆಯೇ ಕಟ್ಟಡಕ್ಕೆ ಬೆಂಕಿ ತಂದಿತು ಅನ್ನುವುದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ನನ್ನ ಕೆಲಸದಲ್ಲಿ ದಿನವೂ ಅಟ್ಟಣಿಗೆ ಕಟ್ಟಿಸುವವನು ನಾನು.

ಸುಣ್ಣದ ಕಲ್ಲು ಬೆಂಕಿಗೆ ಸಿಕ್ಕರೆ ಏನಾಗುತ್ತದೆ ಅಂತ ಕೆಲಸದಿಂದ ನನಗೆ ಗೊತ್ತಿದೆ. ಒಂದು ಹಂತದವರೆಗೆ ಒಳಗಿನ ಕಬ್ಬಿಣದ ಅಂಶದಿಂದ ಕೆಂಪಡರುತ್ತದೆ. ಶಾಖ ಇನ್ನೂ ಏರಿದರೆ ಕಲ್ಲು ಸುಟ್ಟು ಸುಣ್ಣವೇ ಆಗುತ್ತದೆ, ಹೊರಮೈ ಕಳಚಿ ಬೀಳುತ್ತದೆ. ಆ ದಿನ ಮಾಡಿನ ಮೇಲಿದ್ದ ಸೀಸ ಕರಗಿ ನೀರಿನ ಹಾಗೆ ಹರಿದು, ಮಳೆನೀರು ಉಗುಳಲೆಂದು ಕೆತ್ತಿದ್ದ ಗಾರ್ಗಾಯ್ಲ್‌ಗಳ ಬಾಯಿಯಿಂದ ಸುರಿಯಿತು. ಬಾಯಲ್ಲಿ ಸೀಸ ಹೆಪ್ಪುಗಟ್ಟಿದ ಗಾರ್ಗಾಯ್ಲ್‌ಗಳನ್ನು ಆಮೇಲೆ ಕೆಳಗಿಳಿಸಿ ಜೋಪಾನ ಮಾಡಿದ್ದಾರೆ. ಒಳಗೆ ಹುಲ್ಲು ಹಾಸಿ ಗಾಯಾಳು ಜರ್ಮನ್ ಸೈನಿಕರನ್ನು ಮಲಗಿಸಿದ್ದರು, ಆ ಹುಲ್ಲಿಗೂ ಬೆಂಕಿ ಬಿತ್ತು. ಇದನ್ನು ಹೇಳುವಾಗ ನಮ್ಮ ಗೈಡ್ ಧ್ವನಿ ತಗ್ಗಿಸಿದರು. ಗುಂಪಿನಲ್ಲಿ ಒಬ್ಬ ಜರ್ಮನ್ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ಈಗ ನಿಮ್ಮ ಗೆಳತಿ ಹೇಳಿದ ಕಾಂಕ್ರೀಟ್. ಅದು ನಿಜ. ಆದರೆ ಕೆಳಗೆ ನಿಂತರೆ ಒಂದಿಷ್ಟೂ ಕಾಣುವುದಿಲ್ಲ. ಅದನ್ನು ನೋಡಲಿಕ್ಕೆಂದೇ ಆ 250 ಮೆಟ್ಟಿಲು ಹತ್ತಬೇಕು.

ಈ ಕೆಥೀಡ್ರಲ್‌ನಂಥ ಗಾಥಿಕ್ ಶೈಲಿಯ ಕಟ್ಟಡದಲ್ಲಿ ನಾವು ಒಳಗಿನಿಂದ ನೋಡುವ ಕಲ್ಲಿನ ಚಾವಣಿ ಒಂದು, ಅದರ ಮೇಲೆ ಕೊಡೆ ಹಿಡಿದ ಹಾಗೆ ಇರುವ ಇಳಿಜಾರು ಮಾಡು ಇನ್ನೊಂದು. ಇವೆರಡರ ನಡುವೆ ದೊಡ್ಡ ಅಟ್ಟ. 1914ರಲ್ಲಿ ಸುಟ್ಟಿದ್ದು ಆ ಅಟ್ಟದ ಮರ. ಅದಾದರೂ ಹದಿಮೂರನೇ ಶತಮಾನದ್ದಲ್ಲ! 1481ರಲ್ಲಿ ಒಮ್ಮೆ ಮಾಡು ಸುಟ್ಟು, ಆಮೇಲೆ ಹಾಕಿದ ಮರ ಅದು. ಕೆಳಗಿನ ಕಲ್ಲಿನ ಚಾವಣಿ ಬಹುಪಾಲು ಬೆಂಕಿಯನ್ನು ತಡೆದುಕೊಂಡಿತು. ಆಮೇಲೆ ಯುದ್ಧ ಮುಗಿಯುವ ತನಕ ಬೀಳುತ್ತಲೇ ಇದ್ದ ಶೆಲ್‌ಗಳು ಅದನ್ನು ಅಲ್ಲಲ್ಲಿ ತೂತು ಮಾಡಿದವು. ಗೋಡೆ, ಕಂಬ, ಹೊರಗಿನಿಂದ ಆತುಕೊಟ್ಟು ನಿಂತ ಹಾರುಕಮಾನುಗಳು, ಇವೆಲ್ಲ 1211ರಲ್ಲಿ ಶುರುವಾದ ಕಟ್ಟಡದ ಮೈಯೇ. ಗಾಯಗೊಂಡ ಮೈ, ಆದರೆ ಅದೇ ಮೈ.

ಯುದ್ಧ ಮುಗಿದಮೇಲೆ ಜೀರ್ಣೋದ್ಧಾರದ ಹೊಣೆ ಹೊತ್ತವರು ಆಂರಿ ದೆನ್ಯೂ, ರೀಮ್ಸ್‌ನವರೇ ಆದ ವಾಸ್ತುಶಿಲ್ಪಿ. ಅಷ್ಟು ದೊಡ್ಡ ಮಾಡಿಗೆ ಮತ್ತೆ ಮರ ಹಾಕಿ ಮತ್ತೆ ಬೆಂಕಿಯ ಭಯದಲ್ಲಿ ಇರುವುದು ಬೇಡ ಅಂದುಕೊಂಡರು. ಹಾಗಂತ ಭಾರೀ ಕಾಂಕ್ರೀಟ್ ತೊಲೆಗಳನ್ನು ಏರಿಸಿ ಹಳೆಯ ಗೋಡೆಗಳ ಮೇಲೆ ಹೇರಲೂ ಇಲ್ಲ. ಹದಿನಾರನೇ ಶತಮಾನದಲ್ಲಿ ಫಿಲಿಬೇರ್ ದ ಲೋರ್ಮ್ ಎಂಬ ವಾಸ್ತುಶಿಲ್ಪಿ ಉದ್ದ ಮರ ಸಿಗದ ಕಡೆ ಗಿಡ್ಡ ಹಲಗೆಗಳನ್ನೇ ಸೇರಿಸಿ ದೊಡ್ಡ ಕಮಾನು ಮಾಡುವ ಉಪಾಯ ಕಂಡುಕೊಂಡಿದ್ದ. ದೆನ್ಯೂ ಆ ಉಪಾಯವನ್ನು ಕಾಂಕ್ರೀಟ್‌ಗೆ ತಂದರು. ಸಣ್ಣ ಸಣ್ಣ ತುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮೇಲೆ ಒಯ್ದು, ಒಂದಕ್ಕೊಂದು ಕೂರಿಸಿ, ಕೀಲಿನಲ್ಲಿ ಓಕ್ ಮರದ ಬೆಣೆ ಬಡಿದರು. ಕಾಂಕ್ರೀಟ್‌ಗೆ ಮರದ ಬೆಣೆ! ಇದನ್ನು ಓದಿ ತಿಳಿದಿದ್ದೆ, ಆದರೂ ಅಟ್ಟದೊಳಗೆ ಕಾಲಿಟ್ಟು ಆ ಬೆಣೆಗಳನ್ನು ಕಣ್ಣಾರೆ ಕಂಡಾಗ ನನಗೆ ಗಂಟಲು ಕಟ್ಟಿತು. ಮರಗೆಲಸದವನ ಬುದ್ಧಿಯಿಂದ ಕಟ್ಟಿದ ಕಾಂಕ್ರೀಟ್ ಅದು. ಸಾಲು ಸಾಲು ತೆಳ್ಳನೆಯ ಬೂದುಬಣ್ಣದ ಪಕ್ಕೆಲುಬುಗಳು ಕೊನೆಯವರೆಗೂ ಹೋಗುತ್ತವೆ, ತಿಮಿಂಗಿಲದ ಅಸ್ಥಿಪಂಜರದ ಒಳಗೆ ನಿಂತ ಹಾಗೆ. ಒಂದು ತುಂಡು ಹಾಳಾದರೆ ಬೆಣೆ ತೆಗೆದು ಅದೊಂದನ್ನೇ ಬದಲಿಸಬಹುದು. ನಾಳೆ ಬರುವ ದುರಸ್ತಿಯವನನ್ನು ನೆನೆದು ಕೆಲಸ ಮಾಡಿದ್ದಾರಲ್ಲ, ಅಂಥವರನ್ನು ನನ್ನ ಕಸುಬಿನಲ್ಲಿ ನಾನು ಹೆಚ್ಚು ಕಂಡಿಲ್ಲ.

2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಸುಟ್ಟಾಗ, ಮಾಡಿಗೆ ಏನು ಹಾಕಬೇಕು ಎಂಬ ಚರ್ಚೆಯಲ್ಲಿ ರೀಮ್ಸ್‌ನ ಹೆಸರು ಮತ್ತೆ ಮತ್ತೆ ಬಂತು. ಅಲ್ಲಿ ಕೊನೆಗೆ ಓಕ್ ಮರವನ್ನೇ ಕೊಡಲಿಯಿಂದ ಕೆತ್ತಿ ಮೊದಲಿನ ಹಾಗೆ ಕಟ್ಟಿದರು. ಅದು 2024ರ ಡಿಸೆಂಬರ್‌ನಲ್ಲಿ ತೆರೆಯಿತು. ನೀವು ಪ್ಯಾರಿಸ್‌ನಲ್ಲಿ ಅದನ್ನೂ ನೋಡುತ್ತೀರಿ ಅಂದುಕೊಳ್ಳುತ್ತೇನೆ. ಒಂದೇ ವಾರದಲ್ಲಿ ಎರಡನ್ನೂ ನೋಡುವ ಅವಕಾಶ ನನಗೆ ಸಿಕ್ಕಿಲ್ಲ, ನಿಮಗೆ ಸಿಕ್ಕಿದೆ. ಎರಡೂ ಪ್ರಾಮಾಣಿಕ ಕೆಲಸಗಳೇ, ಆದರೆ ನನ್ನ ಮನಸ್ಸು ರೀಮ್ಸ್ ಕಡೆಗೆ.

ಇಷ್ಟೆಲ್ಲ ಆಗಿ ರೀಮ್ಸ್ ಮತ್ತೆ ಪೂರ್ತಿಯಾಗಿ ತೆರೆದದ್ದು 1938ರಲ್ಲಿ. ಖರ್ಚಿನಲ್ಲಿ ಅಮೆರಿಕದ ಶ್ರೀಮಂತ ರಾಕ್‌ಫೆಲರ್ ದೊಡ್ಡ ಪಾಲು ಕೊಟ್ಟರು. ಕೆಥೀಡ್ರಲ್ ಮುಂಭಾಗಕ್ಕೆ ನೇರ ಬರುವ ಬೀದಿಗೆ ಅವರ ಹೆಸರೇ ಇದೆ. ಆ ಬೀದಿಯಿಂದಲೇ ನಡೆದು ಬನ್ನಿ, ಮೊದಲ ನೋಟ ಅಲ್ಲಿಂದ ಚೆನ್ನ.

ಟೂರ್ ಬಗ್ಗೆ: ಗೋಪುರದ್ದು ಗೈಡ್ ಜೊತೆಗೆ ಮಾತ್ರ, ಒಬ್ಬರೇ ಹತ್ತಲು ಬಿಡುವುದಿಲ್ಲ. ಗುಂಪು ಚಿಕ್ಕದು, ಮೊದಲೇ ಬುಕ್ ಮಾಡಿ, ಯಾವ ಭಾಷೆಯಲ್ಲಿ ಅಂತ ಆಗಲೇ ನೋಡಿಕೊಳ್ಳಿ.

ಹೊಂಗೆನೆರಳು:

ನನ್ನ ಅನುಭವ ಅಷ್ಟು ಒಳ್ಳೆಯದಾಗಲಿಲ್ಲ, ಅದನ್ನೂ ಹೇಳಬೇಕು. ನಾವು ಪ್ಯಾರಿಸ್‌ನಿಂದಲೇ ಒಂದು ಸಂಸ್ಥೆಯ ಪ್ಯಾಕೇಜ್ ತೆಗೆದುಕೊಂಡಿದ್ದೆವು, ಶಾಂಪೇನ್ ನೆಲಮಾಳಿಗೆ ಜೊತೆಗೆ ಕೆಥೀಡ್ರಲ್. ನೆಲಮಾಳಿಗೆಗಳಲ್ಲಿ ಅರ್ಧ ದಿನ ಕಳೆಯಿತು, ಕೆಥೀಡ್ರಲ್‌ಗೆ ಉಳಿದದ್ದು 25 ನಿಮಿಷ. ಗೈಡ್ ಇಡೀ ಹೊತ್ತು ರಾಜರ ಪಟ್ಟಾಭಿಷೇಕದ ಪಟ್ಟಿ ಓದಿದರು. ಚರಿತ್ರೆಯಲ್ಲಿ ಆಸಕ್ತಿಯಿರುವ ನನ್ನ ಮಗಳು ಅತ್ತೇಬಿಟ್ಟಳು, ಅವಳಿಗೆ ಚಿತ್ರಕಾರ ಚಗಾಲ್ ರಚಿಸಿದ ಬಣ್ಣದ ಗಾಜಿನ ಕಿಟಕಿ ನೋಡಬೇಕಿತ್ತು, ಅಲ್ಲಿಯವರೆಗೆ ಹೋಗಲೇ ಇಲ್ಲ. ಗೈಡ್ ಬೇಕಾದರೆ ಕೆಥೀಡ್ರಲ್‌ಗೆ ಮಾತ್ರ ಇರುವ ಟೂರ್ ತೆಗೆದುಕೊಳ್ಳಿ, ಬೇರೆ ಏನೂ ಜೊತೆಗೆ ಕಟ್ಟಿಕೊಳ್ಳಬೇಡಿ.

ಮತ್ತೆ ಸುಣ್ಣಗಾರೆ ಅವರಿಗೆ ಒಂದು ಪ್ರಶ್ನೆ. ಕಾಂಕ್ರೀಟ್ ಒಪ್ಪುತ್ತೇನೆ, ಕಣ್ಣಿಗೆ ಬೀಳುವುದಿಲ್ಲ. ಆದರೆ ಹಳೆಯ ಕೆಥೀಡ್ರಲ್‌ನಲ್ಲಿ ಅಮೂರ್ತ ಚಿತ್ರದ ಹೊಸ ಗಾಜು ಹಾಕಿದ್ದು ಸರಿಯಾ? ದೂರದಿಂದ ಕಂಡ ಆ ನೀಲಿ, ಕೆಂಪು, ಹಳದಿ ಚೂರುಗಳು ನನಗೆ ಹಿಡಿಸಲಿಲ್ಲ.

ಸುಣ್ಣಗಾರೆ:

ನಿಮ್ಮ ಮಗಳ ವಿಷಯ ಓದಿ ಬೇಜಾರಾಯಿತು. ಇನ್ನೊಮ್ಮೆ ಕರೆದುಕೊಂಡು ಹೋಗಿ.

ಗಾಜಿನ ಬಗ್ಗೆ: ಹೊಸದು ಬಂದದ್ದು ಹಳೆಯದನ್ನು ಕಿತ್ತು ಅಲ್ಲ. ಯುದ್ಧದಲ್ಲಿ ಅಪಾರ ಗಾಜು ನಾಶವಾಯಿತು. ಆ ಊರಿನಲ್ಲಿ ಸಿಮೋನ್ ಎಂಬ ಮನೆತನ ತಲೆಮಾರುಗಳಿಂದ ಗಾಜಿನ ಕೆಲಸ ಮಾಡಿಕೊಂಡು ಬಂದಿದೆ, ಉಳಿದ ಗಾಜಿನ ದುರಸ್ತಿಗೆ ದುಡಿದವರು ಅವರು. ದಕ್ಷಿಣದ ಬದಿಯಲ್ಲಿ ದ್ರಾಕ್ಷಿ ಬೆಳೆದು ಶಾಂಪೇನ್ ಮಾಡುವ ಕೆಲಸಗಳನ್ನೆಲ್ಲ ತೋರಿಸುವ ಕಿಟಕಿಯಿದೆ, 1954ರದ್ದು, ಜಾಕ್ ಸಿಮೋನ್ ಮಾಡಿದ್ದು. ಪೂರ್ವದ ಕೊನೆಯ ಚಾಪೆಲ್‌ನ (ಒಳಗಿನ ಚಿಕ್ಕ ಪ್ರಾರ್ಥನಾ ಜಾಗ) ಮೂರು ಕಿಟಕಿಗಳನ್ನು 1974ರಲ್ಲಿ ಮಾರ್ಕ್ ಚಗಾಲ್ ರಚಿಸಿದರು, ಗಾಜಿಗೆ ಇಳಿಸಿದ್ದು ಸಿಮೋನ್ ಕಾರ್ಯಾಗಾರವೇ. ಆಗ ಚಗಾಲ್‌ಗೆ ಎಂಬತ್ತು ದಾಟಿತ್ತು.

ನೀವು ಹೇಳುತ್ತಿರುವುದು ಅವರ ಅಕ್ಕಪಕ್ಕದ ಕಿಟಕಿಗಳು, ಇಮಿ ಕ್ನೋಬೆಲ್ 2011ರಲ್ಲಿ ಮಾಡಿದ್ದು. ಕ್ನೋಬೆಲ್ ಜರ್ಮನ್ ಕಲಾವಿದ. ಜರ್ಮನ್ ಶೆಲ್ ಬಿದ್ದ ಕಟ್ಟಡಕ್ಕೆ ಜರ್ಮನ್ನರೊಬ್ಬರ ಕೈಯಿಂದ ಗಾಜು. 2015ರಲ್ಲಿ ಅದೇ ಕಲಾವಿದರ ಇನ್ನೂ ಮೂರು ಕಿಟಕಿಗಳು ಜೋನ್ ಆಫ್ ಆರ್ಕ್ ಚಾಪೆಲ್‌ಗೆ ಬಂದವು, ಜರ್ಮನಿಯ ಉಡುಗೊರೆಯಾಗಿ. ಚೂರುಚೂರಾದ ಆಕಾರಗಳು ನಿಮಗೆ ಹಿಡಿಸದೆ ಇರಬಹುದು, ಅದನ್ನು ನಾನು ಒಪ್ಪುತ್ತೇನೆ. ನನಗೂ ದೂರದಿಂದ ಹಿಡಿಸಲಿಲ್ಲ. ಹತ್ತಿರ ಹೋಗಿ, ಬೆಳಗಿನ ಬಿಸಿಲು ಅದರ ಮೂಲಕ ನೆಲದ ಮೇಲೆ ಬಿದ್ದಿದ್ದನ್ನು ಕಂಡಮೇಲೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಹೊರಗೆ ಮುಂಬಾಗಿಲ ಎದುರಿನ ನೆಲದಲ್ಲಿ ಒಂದು ಬರಹದ ಕಲ್ಲಿದೆ: 1962ರ ಜುಲೈ 8ರಂದು ಫ್ರಾನ್ಸ್‌ನ ಅಧ್ಯಕ್ಷ ದ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸೆಲರ್ ಅಡೆನಾವರ್ ಇಲ್ಲಿ ಒಟ್ಟಿಗೆ ಪ್ರಾರ್ಥನೆಗೆ ಬಂದದ್ದರ ನೆನಪು. ಒಳಗಿನ ಆ ಗಾಜನ್ನು ನೋಡುವ ಮೊದಲು ಹೊರಗಿನ ಆ ಕಲ್ಲನ್ನು ನೋಡಿ.

ಮಲ್ಲಿಗೆಬಳ್ಳಿ:

ಸುಣ್ಣಗಾರೆ ಅವರೇ, ಎರಡು ಸಲ ಓದಿದೆ. ಶಾರ್ತ್ರ್ ಇನ್ನೊಂದು ಸಲಕ್ಕೆ ಇರಲಿ, ರೀಮ್ಸ್ ಖಾತ್ರಿ. ಇನ್ನೆರಡು ಕೇಳಲಾ? ನಗುವ ದೇವದೂತ ಅಂತ ಅಲ್ಲಿನ ಒಂದು ಮೂರ್ತಿಯ ಚಿತ್ರ ಎಲ್ಲ ಕಡೆ ಇದೆಯಲ್ಲ, ಅದರ ತಲೆ ನಕಲಾ? ಮತ್ತೆ ನಾನು ಮೇಲೆ ಹತ್ತಿದಾಗ ಅಮ್ಮ ಒಬ್ಬರೇ ಕೆಳಗೆ ಏನು ಮಾಡಬಹುದು?

ಸುಣ್ಣಗಾರೆ:

ನಕಲಲ್ಲ. ಉರಿಯುತ್ತಿದ್ದ ಅಟ್ಟಣಿಗೆಯ ತೊಲೆ ಬಡಿದು ತಲೆ ಕೆಳಗೆ ಬಿದ್ದು ಒಡೆಯಿತು. ಆ ಚೂರುಗಳನ್ನು ಅಲ್ಲಿನ ಒಬ್ಬ ಪಾದ್ರಿ ಹೆಕ್ಕಿ ಎತ್ತಿಟ್ಟರು. ಅದೃಷ್ಟಕ್ಕೆ ಯುದ್ಧಕ್ಕೆ ಮೊದಲೇ ಆ ಮುಖದ ಪಡಿಯಚ್ಚು ತೆಗೆದು ಪ್ಯಾರಿಸ್‌ನ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಅದನ್ನು ನೋಡಿಕೊಂಡು ಚೂರು ಜೋಡಿಸಿ, 1926ರಲ್ಲಿ ತಲೆಯನ್ನು ಮೈಮೇಲೆ ಕೂರಿಸಿದರು. ಒಡೆದ ಮುಖವನ್ನು ಜೋಡಿಸುವಾಗ ತುಟಿಯ ಕೊನೆ ಕೂದಲೆಳೆಯಷ್ಟು ಆಚೀಚೆಯಾದರೂ ನಗು ಕೆಡುತ್ತದೆ. ಇಲ್ಲಿ ಕೆಟ್ಟಿಲ್ಲ. ಎಡಗಡೆಯ ಬಾಗಿಲಲ್ಲಿ ನಿಂತಿದೆ, ಒಳಗೆ ಹೋಗುವ ಮೊದಲೇ ನೋಡಿ.

ಕೊಡೆಹಿಡಿ:

ಅಮ್ಮನ ಪ್ರಶ್ನೆಗೆ ನಾನು ಹೇಳುತ್ತೇನೆ, ನಮ್ಮ ಅಪ್ಪನನ್ನು ಹೀಗೇ ಕೆಳಗೆ ಕೂರಿಸಿ ಹೋಗಿದ್ದೆ. ಒಳಗೆ ಸಾಲು ಕುರ್ಚಿಗಳಿವೆ. ಬೆಳಿಗ್ಗೆಯಾದರೆ ಪೂರ್ವದ ಚಗಾಲ್ ಕಿಟಕಿಗಳ ಎದುರು ಕೂರಿಸಿ, ಬೆಳಕು ಅಲ್ಲಿಂದ ಬರುತ್ತದೆ. ಸಂಜೆಯಾದರೆ ಕುರ್ಚಿ ತಿರುಗಿ ಪಶ್ಚಿಮಕ್ಕೆ, ದೊಡ್ಡ ಗುಲಾಬಿ ಕಿಟಕಿಗೆ ಮುಖ ಮಾಡಿ. ಆ ಬಾಗಿಲಿನ ಒಳಗೋಡೆಯ ತುಂಬ ಗೂಡು ಗೂಡಾಗಿ ಮೂರ್ತಿಗಳಿವೆ, ಬೇರೆ ಕೆಥೀಡ್ರಲ್‌ಗಳಲ್ಲಿ ಆ ಗೋಡೆ ಹೀಗೆ ಇರುವುದಿಲ್ಲ. ಗರ್ಭಗುಡಿಯ ಸುತ್ತ ಇರುವ ಹಾಗೆ ಪೂಜಾಪೀಠದ ಸುತ್ತ ಪ್ರದಕ್ಷಿಣಾಪಥ ಇದೆ, ಅಮ್ಮ ನಿಧಾನವಾಗಿ ಒಂದು ಸುತ್ತು ಬರಲಿ. ಚಿಕ್ಕ ದುರ್ಬೀನು ಕೊಟ್ಟು ಹೋಗಿ. ಒಂದು ಶಾಲೂ ಇರಲಿ, ಹೊರಗೆ ಬಿಸಿಲಿದ್ದರೂ ಕಲ್ಲಿನ ಒಳಗೆ ಥಂಡಿ.

ಮಲ್ಲಿಗೆಬಳ್ಳಿ:

ಹೋಗಿ ಬಂದೆವು. ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಕೆಳಗಿನ ಟೂರ್‌ಗೆ ಇಬ್ಬರೂ ಹೋದೆವು, ಗೋಪುರಕ್ಕೆ ನಾನೊಬ್ಬಳೇ. ಅಟ್ಟದಲ್ಲಿ ಓಕ್ ಬೆಣೆ ಕಂಡ ಕೂಡಲೇ ಕೈ ಚಾಚಿ ತೋರಿಸಿಬಿಟ್ಟೆ. ಗೈಡ್‌ಗೆ ಆಶ್ಚರ್ಯ, ಯಾರು ಹೇಳಿದರು ಅಂತ ಕೇಳಿದರು. ದುರಸ್ತಿ ಕೆಲಸ ಮಾಡುವ ಒಬ್ಬರು ಅಂದೆ. ಮೇಲಿನ ಹೊರದಾರಿಯಲ್ಲಿ ನಿಂತಾಗ ಹಾರುಕಮಾನುಗಳ ತುದಿಯ ಗೂಡುಗಳಲ್ಲಿ ರೆಕ್ಕೆ ಬಿಚ್ಚಿದ ದೇವದೂತರು ಸಾಲಾಗಿ ಕಾಣುತ್ತಾರೆ. ಕೆಳಗಿನಿಂದ ಅವರು ಬೆರಳಷ್ಟು.

ಕೆಳಗಿಳಿದು ಬಂದರೆ ಅಮ್ಮ ಹೇಳಿದ ಕುರ್ಚಿಯಲ್ಲಿ ಇರಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಎಡಬಾಗಿಲ ಮುಂದೆ ದುರ್ಬೀನು ಹಿಡಿದು ನಿಂತಿದ್ದರು. ದೇವದೂತನನ್ನು ಆಗಲೇ ನೋಡಿ ಆಗಿತ್ತು. ಅದೇ ಬಾಗಿಲಲ್ಲಿ ಇನ್ನೊಬ್ಬ ಸಂತನ ಮೂರ್ತಿಯಿದೆ, ಹಣೆಯಿಂದ ಮೇಲಕ್ಕೆ ತಲೆಯೇ ಇಲ್ಲ. "ಪಾಪ, ಇವನ ತಲೆಯನ್ನು ಯಾಕೆ ಜೋಡಿಸದೆ ಬಿಟ್ಟರೋ, ಚೂರು ಸಿಗಲಿಲ್ಲವೇನೋ" ಅಂದರು. ನಮ್ಮ ಟೂರ್‌ನ ಗೈಡ್ ಇನ್ನೊಂದು ಗುಂಪಿಗಾಗಿ ಅಲ್ಲೇ ಕಾಯುತ್ತಿದ್ದರು, ಅವರನ್ನೇ ಕೇಳಿದೆ. ಅದು ಯುದ್ಧದಲ್ಲಿ ಆದದ್ದಲ್ಲವಂತೆ. ಸಂತ ನಿಕೇಸ್, ಈ ಊರಿನ ಬಿಷಪ್ ಆಗಿದ್ದವನು, ತಲೆ ಕಡಿದು ಕೊಂದರು, ಅದಕ್ಕೇ ಹದಿಮೂರನೇ ಶತಮಾನದ ಶಿಲ್ಪಿ ಅವನನ್ನು ಹಾಗೆಯೇ ಕೆತ್ತಿದ್ದು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಮತ್ತೆ ದುರ್ಬೀನು ಎತ್ತಿ, ಒಮ್ಮೆ ಇವನನ್ನು, ಒಮ್ಮೆ ದೇವದೂತನನ್ನು ನೋಡುತ್ತಾ, "ಹಾಗಾದರೆ ಒಡೆದು ಹೋದದ್ದು ಇವನಲ್ಲ, ಆ ನಗುತ್ತಿರುವವನು" ಅಂದರು. ಆಮೇಲೆ ರೈಲಿನ ಹೊತ್ತಾಗುವವರೆಗೂ ಅಲ್ಲೇ ನಿಂತಿದ್ದೆವು.